ಇಂಕ್ ಸ್ಯಾಂಪಲ್‌ನಲ್ಲಿ ನಿಬ್ಬು ಅದ್ದಿ ಬರೆದಾಗ ಒಂದು ಬಣ್ಣ, ಅದನ್ನೇ ಫೌಂಟನ್ ಪೆನ್ನಿಗೆ ತುಂಬಿಸಿದಾಗ ಇನ್ನೊಂದು ಬಣ್ಣ. ಯಾಕೆ ಹೀಗೆ?

ಎರಡೂ ಸಲ ಕಾಗದದ ಮೇಲೆ ಬೀಳುವ ಇಂಕಿನ ಪ್ರಮಾಣ ಬೇರೆ ಬೇರೆ, ಅದಕ್ಕೇ. ಫೌಂಟನ್ ಪೆನ್ನಿನ ಬಹುತೇಕ ಇಂಕುಗಳು ನೀರಿನಲ್ಲಿ ಕರಗಿದ ಬಣ್ಣ, ಅಷ್ಟೇ. ನೀರು ಆರಿಹೋಗುತ್ತದೆ, ಬಣ್ಣ ಉಳಿಯುತ್ತದೆ. ಎಷ್ಟು ಉಳಿಯಿತೋ ಗೆರೆ ಅಷ್ಟು ಗಾಢ.

ಅದ್ದಿದ ನಿಬ್ಬು ಮೊದಮೊದಲು ಇಂಕನ್ನು ಧಾರಾಳವಾಗಿ ಬಿಡುತ್ತದೆ. ಪೆನ್ನಿನಲ್ಲಿ ಹಾಗಲ್ಲ. ನಿಬ್ಬಿನ ಕೆಳಗೆ ಫೀಡ್ ಇರುತ್ತದೆ, ಅಂದರೆ ಸಣ್ಣ ಸೀಳುಗಳಿರುವ ತುಂಡು. ಅದು ಒಂದೇ ಅಳತೆಯಲ್ಲಿ ಇಂಕು ಹರಿಸುತ್ತದೆ. ನಿಬ್ಬು ತೆಳುವಾಗಿದ್ದರೆ ಬಣ್ಣ ಇನ್ನೂ ತಿಳಿ. ಕಾಗದದ ಪಾತ್ರವೂ ಇದೆ ಅನ್ನಿ: ಹೀರುವ ಕಾಗದದಲ್ಲಿ ಇಂಕು ಒಳಗಿಳಿದು ಮಂಕಾಗುತ್ತದೆ, ನಯವಾದದ್ದರಲ್ಲಿ ಮೇಲೇ ನಿಂತು ಒಣಗುತ್ತದೆ.

ಹಾಗಾಗಿ ಸುಮ್ನೆ ಅದ್ದಿ ನೋಡಿ ಬಾಟಲಿ ಕೊಳ್ಳಬೇಡಿ. 2 ಮಿಲಿ ಸ್ಯಾಂಪಲ್ ಇದ್ದರೆ ಸಾಮಾನ್ಯ ಕನ್ವರ್ಟರ್, ಅಂದರೆ ಪೆನ್ನಿನೊಳಗೆ ಇಂಕು ಎಳೆದು ತುಂಬಿಸಿಕೊಳ್ಳುವ ಸಣ್ಣ ಕೊಳವೆ, ಎರಡು ಸಲವಾದರೂ ತುಂಬುತ್ತದೆ. ನೀವು ದಿನಾ ಬಳಸುವ ಪೆನ್ನಿಗೇ ತುಂಬಿಸಿ, ದಿನಾ ಬರೆಯುವ ಕಾಗದದಲ್ಲೇ ಒಂದು ಪುಟ ಬರೆಯಿರಿ. ಅದಕ್ಕೂ ಮೊದಲು ಪೆನ್ನನ್ನು ಬರೀ ನೀರಿನಲ್ಲಿ ತೊಳೆಯಿರಿ, ನೀರು ತಿಳಿಯಾಗುವವರೆಗೂ. ಫೀಡಿನಲ್ಲಿ ಹಳೇ ನೀಲಿ ಒಂದಿಷ್ಟು ಉಳಿದರೂ ಹೊಸ ಹಳದಿ ಹಸಿರಾಗಿಬಿಡುತ್ತದೆ, ಅಲ್ವಾ?