ಫ್ರೆಡೆರಿಕ್ ಡಗ್ಲಾಸ್ ಅವರ ರಾಜಕೀಯ ಚಿಂತನೆಯ ಮೇಲೆ ಯಾರ ಪ್ರಭಾವವಿತ್ತು?
ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಅಮೆರಿಕದ ಕಪ್ಪು ನಾಯಕ ಡಗ್ಲಾಸ್. ಅವರೆಂದರೆ ಗುಲಾಮಗಿರಿ ವಿರೋಧಿ ಪತ್ರಕರ್ತ ವಿಲಿಯಂ ಲಾಯ್ಡ್ ಗ್ಯಾರಿಸನ್ ಶಿಷ್ಯ ಎಂದು ಹೇಳಿ ಮುಗಿಸುವವರೇ ಹೆಚ್ಚು. ಅದು ಅರ್ಧ ಸತ್ಯ ಅಷ್ಟೇ.

ಬೇರು ಅದಕ್ಕೂ ಹಿಂದಿನದು. ಬಾಲ್ಟಿಮೋರ್‌ನಲ್ಲಿ ಗುಲಾಮರಾಗಿದ್ದಾಗ, ಸುಮಾರು 12ನೇ ವಯಸ್ಸಿನಲ್ಲಿ, 50 ಸೆಂಟು ಕೊಟ್ಟು ‘ದಿ ಕೊಲಂಬಿಯನ್ ಆರೇಟರ್’ ಎಂಬ ಪುಸ್ತಕ ಕೊಂಡಿದ್ದರು. ಶಾಲಾ ಮಕ್ಕಳಿಗೆ ಭಾಷಣ ಕಲಿಸುವ ಪುಸ್ತಕ ಅದು. ಅದರಲ್ಲೊಂದು ಸಂಭಾಷಣೆ ಇದೆ: ಓಡಿಹೋಗಿ ಸಿಕ್ಕಿಬಿದ್ದ ಗುಲಾಮ ಒಡೆಯನ ಒಂದೊಂದು ವಾದವನ್ನೂ ಮುರಿಯುತ್ತಾ ಹೋಗುತ್ತಾನೆ, ಕೊನೆಗೆ ಒಡೆಯನೇ ಸೋತು ಅವನನ್ನು ಬಿಡುಗಡೆ ಮಾಡುತ್ತಾನೆ. ಸ್ವಾತಂತ್ರ್ಯ ಯಾರೋ ಕೊಡುವ ದಾನವಲ್ಲ, ಹುಟ್ಟಿನಿಂದ ಬಂದ ಹಕ್ಕು ಅನ್ನುವ ಅವರ ನಿಲುವಿಗೆ ಇದೇ ಮೊದಲ ಪಾಠ ಅಂತ ನನಗನ್ನಿಸುತ್ತದೆ.

1838ರಲ್ಲಿ ತಪ್ಪಿಸಿಕೊಂಡ ಮೇಲೆ ಗ್ಯಾರಿಸನ್‌ರ ‘ಲಿಬರೇಟರ್’ ಪತ್ರಿಕೆ ಕೈಗೆ ಬಂತು. ಗ್ಯಾರಿಸನ್ ಪಾಲಿಗೆ ಅಮೆರಿಕದ ಸಂವಿಧಾನವೇ ಗುಲಾಮಗಿರಿಯ ಪರ, ಹಾಗಾಗಿ ರಾಜಕೀಯದಿಂದ ದೂರವಿರಬೇಕು. ಡಗ್ಲಾಸ್ ಕೆಲವು ವರ್ಷ ಹಾಗೇ ನಂಬಿದ್ದರು. ಆಮೇಲೆ, ಸಂವಿಧಾನ ಗುಲಾಮಗಿರಿಯ ವಿರುದ್ಧವೇ ಇದೆ ಎಂದು ವಾದಿಸುತ್ತಿದ್ದ ಹೋರಾಟಗಾರ ಗೆರಿಟ್ ಸ್ಮಿತ್ ಜೊತೆಗಿನ ಚರ್ಚೆ, ಅದೇ ವಾದ ಮಂಡಿಸಿದ ಲೈಸಾಂಡರ್ ಸ್ಪೂನರ್, ವಿಲಿಯಂ ಗುಡೆಲ್ ಬರಹಗಳ ಓದು ಅವರನ್ನು ಬದಲಿಸಿದವು. 1851ರಲ್ಲಿ ಬಹಿರಂಗವಾಗಿಯೇ ನಿಲುವು ಬದಲಿಸಿದರು, ಗ್ಯಾರಿಸನ್ ಜೊತೆಗಿನ ನಂಟು ಹಳಸಿತು. ಮರುವರ್ಷ ಜುಲೈ 5ರ ರಾಚೆಸ್ಟರ್ ಭಾಷಣದಲ್ಲಿ ದೇಶದ ಬೂಟಾಟಿಕೆಯನ್ನು ಝಾಡಿಸಿದವರು, ಅದೇ ಉಸಿರಿನಲ್ಲಿ ಸಂವಿಧಾನವನ್ನು ಸ್ವಾತಂತ್ರ್ಯದ ದಸ್ತಾವೇಜು ಎಂದು ಕರೆದರು.