ಓಟಿಎಸ್ (ಬಾಕಿಯಲ್ಲಿ ಒಂದಿಷ್ಟು ಬಿಟ್ಟು ಸಾಲ ಮುಗಿಸಲು ಬ್ಯಾಂಕ್ ಒಪ್ಪುವ ತೀರುವಳಿ) ಪತ್ರ ಕೈಗೆ ಬಂದ ಮೇಲೂ ವಸೂಲಿ ಏಜೆಂಟರು ಫೋನ್ ಮಾಡುತ್ತಿದ್ದಾರೆ. ನಂಬರ್ ಬದಲಿಸಲೇ?

ಬದಲಿಸಬೇಡಿ. ಹಾವೇರಿಯ ನಿಮ್ಮ ಕಿರಾಣಿ ಅಂಗಡಿ ಇರುವ ಜಾಗದಲ್ಲಿ ಗದಗಿನ ಒಂದು ಪ್ರೆಸ್ಸನ್ನು ಇಟ್ಟರೆ ನಿಮ್ಮ ಪ್ರಶ್ನೆ ನನ್ನದೇ ಕಥೆ. ಬ್ಯಾಂಕಿನೊಂದಿಗೆ ತೀರುವಳಿ ಆದ ಮೇಲೆ ಅವರು ನಮ್ಮನ್ನು ಮಾತನಾಡಿಸುವುದೇ ಕಾನೂನುಬಾಹಿರ ಎಂದು ನೀವು ನಂಬಿದ್ದೀರಲ್ಲ, ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆಗೆ ಆಧಾರವೇ ಇಲ್ಲ.

ಬೆಟಗೇರಿಯಲ್ಲಿ ನಮ್ಮದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಇಷ್ಟೇ ಕೆಲಸ. 2019ರಲ್ಲಿ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಯಂತ್ರ ತಂದೆ. ಮರುವರ್ಷ ಲಗ್ನದ ಸುಗ್ಗಿಗೆ ಸರಿಯಾಗಿ ಲಾಕ್‌ಡೌನ್ ಬಂತು. ಮದುವೆಗೆ 50 ಜನ ಎಂದು ಸರ್ಕಾರ ಮಿತಿ ಹಾಕಿದ ಮೇಲೆ ಪತ್ರಿಕೆ ಅಚ್ಚು ಹಾಕಿಸುವವರು ಯಾರು? ಎಲ್ಲರೂ ವಾಟ್ಸಾಪಿನಲ್ಲೇ ಕರೆದು ಮುಗಿಸಿದರು. 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ನಾನೂ ಮುಂದೂಡಿದೆ, ಆದರೆ ಬಡ್ಡಿ ರಜೆ ಹಾಕಲಿಲ್ಲ. ಬಾಕಿ 6 ಲಕ್ಷ 20 ಸಾವಿರಕ್ಕೆ ಏರಿತು. 2023ರಲ್ಲಿ ಬ್ಯಾಂಕಿನವರೇ ಕರೆದು 3 ಲಕ್ಷ 60 ಸಾವಿರಕ್ಕೆ ಓಟಿಎಸ್ ಮಾಡಿಕೊಟ್ಟರು. ಮುಂಗಡ 90 ಸಾವಿರ, ಉಳಿದದ್ದು ತಿಂಗಳಿಗೆ 45 ಸಾವಿರದಂತೆ ಆರು ಕಂತು. ಮುಂಗಡಕ್ಕೆ ಅಪ್ಪನ ಕಾಲದ ಟ್ರೆಡಲ್ ಯಂತ್ರವನ್ನು ಗುಜರಿಗೆ ತೂಕಕ್ಕೆ ಹಾಕಿದೆ, ಕಡಿಮೆ ಬಿದ್ದದ್ದನ್ನು ಭಾವ ಕೊಟ್ಟರು.

ಪತ್ರಕ್ಕೆ ಸಹಿ ಬಿದ್ದ ಮರುವಾರವೇ ಫೋನ್ ಶುರುವಾಯಿತು. ಆಗ ನನಗೆ ಸಿಟ್ಟೇ ಬಂದಿತ್ತು. ಹೀಗೇಕೆ ಆಗುತ್ತದೆ ಎಂದು ಆಮೇಲೆ ಬ್ಯಾಂಕಿನ ಹುಬ್ಬಳ್ಳಿ ಕಚೇರಿಯ ಅಧಿಕಾರಿಯೊಬ್ಬರು ಬಿಡಿಸಿ ಹೇಳಿದರು. ತೀರುವಳಿ ಮಾಡುವ ವಿಭಾಗ ಒಂದು, ವಸೂಲಿ ಏಜೆನ್ಸಿಗೆ ಬಾಕಿದಾರರ ಪಟ್ಟಿ ಕೊಡುವ ವಿಭಾಗ ಇನ್ನೊಂದು. ಓಟಿಎಸ್ ಮೊತ್ತ ಪೂರ್ತಿ ತೀರುವವರೆಗೆ ಹಳೆಯ ಸಾಲದ ಖಾತೆ ಬ್ಯಾಂಕಿನ ಲೆಕ್ಕದಲ್ಲಿ ಬಾಕಿಯಾಗಿಯೇ ಇರುತ್ತದೆ. ಆದ್ದರಿಂದ ಯಾರಾದರೂ ನಿಮ್ಮ ಹೆಸರನ್ನು ಬೇರೆಯಾಗಿ ತೆಗೆಸದ ಹೊರತು ಅದು ಮುಂದಿನ ಪಟ್ಟಿಯಲ್ಲೂ ಹೋಗುತ್ತದೆ. ಫೋನ್ ಮಾಡುವ ಹುಡುಗನಿಗೆ ನಿಮ್ಮ ಪತ್ರದ ವಿಷಯವೇ ತಿಳಿದಿರುವುದಿಲ್ಲ. ತಿಳಿದರೂ ಅವನಿಗೆ ಕಮಿಷನ್ ಹುಟ್ಟುವುದು ಹಣ ಅವನ ಕೈಯ ಮೂಲಕ ಬ್ಯಾಂಕಿಗೆ ಹೋದರೆ ಮಾತ್ರ. ಇದನ್ನು ಮರೆಯಬೇಡಿ, ನನ್ನ ಹಣ ಹೋದದ್ದು ಇಲ್ಲಿಯೇ.

ಎರಡು ಕಂತುಗಳನ್ನು ಪತ್ರದಲ್ಲಿ ಕೊಟ್ಟಿದ್ದ ಖಾತೆಗೆ ಸರಿಯಾಗಿ ಕಟ್ಟಿದ್ದೆ. ಮೂರನೆಯದಕ್ಕೆ ತಿಂಗಳ 30 ಕೊನೆಯ ದಿನ. 28ಕ್ಕೆ ಏಜೆಂಟ್ ಪ್ರೆಸ್ಸಿಗೇ ಬಂದ. ಗುರುತಿನ ಚೀಟಿ ಇತ್ತು, ಬ್ಯಾಂಕಿನ ಅಧಿಕಾರ ಪತ್ರ ಇತ್ತು, ಮಾತು ಮೆತ್ತಗಿತ್ತು. "ಅಣ್ಣ, ಹೇಗೂ ಕಟ್ಟುವುದೇ ಇದೆಯಲ್ಲ, ನನ್ನ ಕೈಯಲ್ಲೇ ಕೊಡಿ, ಈ ತಿಂಗಳು ಯಾರೂ ಫೋನ್ ಮಾಡದ ಹಾಗೆ ನೋಡಿಕೊಳ್ಳುತ್ತೇನೆ" ಎಂದ. ಡ್ರಾಯರಿನಲ್ಲಿ 45 ಸಾವಿರ ಎಣಿಸಿ ಇಟ್ಟದ್ದಿತ್ತು. ಕೊಡುವ ಮುಂಚೆ ಅವನ ರಸೀದಿ ಪುಸ್ತಕವನ್ನು ಕೇಳಿ ತೆಗೆದುಕೊಂಡು ಪರೀಕ್ಷೆ ಮಾಡಿದೆ. ರಸೀದಿ ಪುಸ್ತಕ ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡು, ನನಗೆ ಯಾರು ಮೋಸ ಮಾಡುತ್ತಾರೆ? ಕಾಗದವನ್ನು ಬೆಳಕಿಗೆ ಹಿಡಿದೆ. ಕ್ರಮಸಂಖ್ಯೆ ಕೆಂಪು ಮಸಿಯಲ್ಲಿ ಹಾಳೆಯ ಹಿಂದೆ ಉಬ್ಬುವಷ್ಟು ಒತ್ತಿ ಬಿದ್ದಿತ್ತು, ಅಂದರೆ ನಂಬರಿಂಗ್ ಯಂತ್ರದಲ್ಲೇ ಹೊಡೆದದ್ದು. ಹರಿಯುವ ಕಡೆ ತೂತಿನ ಸಾಲು ನೇರವಾಗಿತ್ತು. ಬ್ಯಾಂಕಿನ ಲಾಂಛನದ ನೀಲಿ ಎಲ್ಲೂ ಪಸರಿಸಿರಲಿಲ್ಲ. ಅಸಲಿ ಎಂದು ತೀರ್ಮಾನಿಸಿ ಹಣ ಕೊಟ್ಟೆ.

ರಸೀದಿ ಅಸಲಿಯೇ ಆಗಿತ್ತು. ಏಜೆಂಟನೂ ಅಸಲಿ, ಹಣವನ್ನು ಅವನು ನುಂಗಲೂ ಇಲ್ಲ. ನಾನು ಕಾಗದ ನೋಡಿದೆ, ಮಸಿ ನೋಡಿದೆ, ತೂತು ನೋಡಿದೆ. ಅವನು ಕೈಯಲ್ಲಿ ಬರೆದಿದ್ದ ಖಾತೆ ಸಂಖ್ಯೆಯನ್ನು ಮಾತ್ರ ನೋಡಲಿಲ್ಲ. ಅದು ಹಳೆಯ ಸಾಲದ ಖಾತೆಯದು. ಓಟಿಎಸ್ ಹಣಕ್ಕೆ ಬ್ಯಾಂಕ್ ಬೇರೆಯೇ ಖಾತೆ ಇಟ್ಟಿತ್ತು. ಪತ್ರದಲ್ಲಿರುವುದು ಅದರ ಸಂಖ್ಯೆ, ಏಜೆಂಟನ ಪಟ್ಟಿಯಲ್ಲಿ ಇರುವುದು ಹಳೆಯದು. ಏಜೆನ್ಸಿ ನನ್ನ ಹಣವನ್ನು ಮುಂದಿನ ತಿಂಗಳ 4ಕ್ಕೆ ಜಮೆ ಮಾಡಿತು, ಅದೂ ಹಳೆಯ ಖಾತೆಗೆ. ಆ ಖಾತೆಗೆ ಬಿದ್ದ ಹಣವನ್ನು ಬಡ್ಡಿ ಮತ್ತು ದಂಡ ಬಾಯಿ ತೆರೆದುಕೊಂಡು ನುಂಗಿದವು. ಓಟಿಎಸ್ ಖಾತೆಯಲ್ಲಿ ಮೂರನೆಯ ಕಂತಿನ ಜಾಗ ಖಾಲಿ. ಒಂದು ಕಂತು ಗಡುವು ಮೀರಿದರೂ ಒಪ್ಪಂದ ರದ್ದಾಗುತ್ತದೆ, ಅದುವರೆಗೆ ಕಟ್ಟಿದ್ದು ಮೂಲ ಬಾಕಿಗೆ ಸೇರುತ್ತದೆ ಎಂಬ ಷರತ್ತು ನನ್ನ ಪತ್ರದ ಎರಡನೆಯ ಪುಟದಲ್ಲಿತ್ತು. ನಿಮ್ಮ ಪತ್ರದಲ್ಲೂ ಇದೆಯೇ ನೋಡಿ, ಬಹುಪಾಲು ಇರುತ್ತದೆ.

ಇಷ್ಟಾದರೂ ಸರಿಪಡಿಸಲು ಸಮಯವಿತ್ತು. ಕಂತು ಬಂದಿಲ್ಲವಲ್ಲ ಎಂದು ಕೇಳಲು ಬ್ಯಾಂಕಿನವರು ಹುಬ್ಬಳ್ಳಿಯಿಂದ ಫೋನ್ ಮಾಡಿದ್ದರು. ಏಜೆಂಟನಿಗೆ ಕೊಟ್ಟಾಯಿತಲ್ಲ ಎಂಬ ನೆಮ್ಮದಿಯಲ್ಲಿ ನಾನು ಗುರುತಿಲ್ಲದ ನಂಬರುಗಳನ್ನೆಲ್ಲ ಬ್ಲಾಕ್ ಮಾಡಿದ್ದೆ. ರದ್ದತಿ ಪತ್ರ ಅಂಚೆಯಲ್ಲಿ ಬಂದಾಗಲೇ ವಿಷಯ ತಿಳಿದದ್ದು. ರಸೀದಿ ಹಿಡಿದುಕೊಂಡು ಓಡಿದೆ. "ನೀವು ಕೊಟ್ಟದ್ದು ನಮಗೆ ಬಂದಿದೆ, ಆದರೆ ಬರಬೇಕಾದ ಖಾತೆಗೆ ಬರಬೇಕಾದ ದಿನ ಬಂದಿಲ್ಲ" ಎಂದರು. ಅದಕ್ಕೇ ಹೇಳುತ್ತಿದ್ದೇನೆ, ನಂಬರ್ ಬದಲಿಸಬೇಡಿ. ಬೈಯುವವನ ಕರೆ ಬರುವುದೂ ಎಚ್ಚರಿಸುವವನ ಕರೆ ಬರುವುದೂ ಅದೇ ನಂಬರಿಗೆ.

ಈಗ ಕಾನೂನಿನ ಮಾತು. ಓಟಿಎಸ್ ಎಂಬುದು ನಿಮ್ಮ ಮತ್ತು ಬ್ಯಾಂಕಿನ ನಡುವಿನ ಕರಾರು. ಸಹಿಯಾದ ಮಾತ್ರಕ್ಕೆ ಎಲ್ಲ ಸಂಪರ್ಕವೂ ನಿಲ್ಲಬೇಕೆಂಬ ನಿಯಮ ಇಲ್ಲ. 2016ರ ದಿವಾಳಿ ಸಂಹಿತೆಯ ಪ್ರಕಾರ ಅರ್ಜಿ ಹಾಕಿದರೆ ಯಾರೂ ಮುಟ್ಟುವಂತಿಲ್ಲ ಎಂದು ವಿಡಿಯೊಗಳಲ್ಲಿ ಹೇಳುವವರಿದ್ದಾರೆ. ವ್ಯಕ್ತಿಗಳಿಗೆ ಸಂಬಂಧಿಸಿದ ಆ ಭಾಗ 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಅಂಗಡಿ ಇಟ್ಟ ನಾವು ನೀವು ಅದರಲ್ಲಿ ಬರುವುದಿಲ್ಲ. ಕರೆಗಳನ್ನೆಲ್ಲ ನಾವೇ ನಿಲ್ಲಿಸುತ್ತೇವೆ, ಇಷ್ಟು ಪರ್ಸೆಂಟ್ ಕೊಡಿ ಎನ್ನುವ ಮಧ್ಯವರ್ತಿಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅವರು ಹೇಳಿಕೊಡುವುದೂ ಫೋನ್ ಎತ್ತಬೇಡಿ ಎಂಬುದನ್ನೇ, ಅದನ್ನು ನಾನು ಬಿಟ್ಟಿಯಾಗಿಯೇ ಮಾಡಿ ನೋಡಿದ್ದೇನೆ.

ಆದರೆ ಹೇಗೆ ಬೇಕಾದರೂ ಕಾಡಬಹುದು ಎಂದೂ ಇಲ್ಲ. 2022ರ ಆಗಸ್ಟ್ ತಿಂಗಳ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡುವಂತಿಲ್ಲ. ಬೆದರಿಸುವುದು, ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯುವುದು, ಮನೆಯವರ ಮತ್ತು ಸ್ನೇಹಿತರ ಖಾಸಗಿ ಬದುಕಿಗೆ ಕೈಹಾಕುವುದು ನಿಷಿದ್ಧ. ಏಜೆಂಟ್ ಮಾಡಿದ್ದಕ್ಕೆ ಬ್ಯಾಂಕೇ ಹೊಣೆ. ಹಾಗಾಗಿ ಏಜೆಂಟನೊಂದಿಗೆ ಜಗಳ ಕಾಯುವುದು ಗಂಟಲಿಗೆ ನಷ್ಟ. ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಓಟಿಎಸ್ ಪತ್ರದ ಪ್ರತಿ, ಕಟ್ಟಿದ ಕಂತಿನ ವಿವರ, ಕರೆ ಬಂದ ನಂಬರು ಮತ್ತು ಹೊತ್ತು ಹಾಕಿ, ಏಜೆನ್ಸಿಯ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಕೇಳಿ, ಸ್ವೀಕೃತಿ ಸಂಖ್ಯೆ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಬ್ಯಾಂಕಿಗೆ ಬರೆಯದೆ ನೇರವಾಗಿ ಅಲ್ಲಿಗೆ ಹೋದರೆ ದೂರು ನಿಲ್ಲುವುದಿಲ್ಲ. ಕೈಮಾಡುವ ಮಟ್ಟಕ್ಕೆ ಬಂದರೆ ಮಾತ್ರ ಯಾವ ಪತ್ರಕ್ಕೂ ಕಾಯದೆ 112ಕ್ಕೆ ಫೋನ್ ಮಾಡಿ.

ಏಜೆಂಟ್ ಫೋನ್ ಮಾಡಿದಾಗ ನೀವು ಹೇಳಬೇಕಾದ ಮಾತು ಒಂದೇ: "ತೀರುವಳಿ ಆಗಿದೆ, ಪತ್ರ ಕಳಿಸುತ್ತೇನೆ, ಹಣವನ್ನು ಪತ್ರದಲ್ಲಿರುವ ಖಾತೆಗೇ ಕಟ್ಟುತ್ತೇನೆ." ಅದರಾಚೆ ಒಂದು ದಿನಾಂಕವನ್ನೂ ಒಂದು ಮೊತ್ತವನ್ನೂ ಬಾಯಲ್ಲಿ ಒಪ್ಪಿಕೊಳ್ಳಬೇಡಿ. ಲಿಂಕ್ ಕಳಿಸಿ ಇದಕ್ಕೆ ಹಾಕಿ ಎಂದರೆ ಅವನು ಬ್ಯಾಂಕಿನವನೇ ಅಲ್ಲದಿರಬಹುದು.

ನನ್ನದು ಕೊನೆಗೆ ಇತ್ಯರ್ಥವಾದದ್ದು ಗದಗ ಜಿಲ್ಲಾ ನ್ಯಾಯಾಲಯದ ಲೋಕ ಅದಾಲತ್‌ನಲ್ಲಿ. ಉಳಿದ ಮೂರು ಕಂತು, 1 ಲಕ್ಷ 35 ಸಾವಿರ ಕಟ್ಟಿದ್ದರೆ ಮುಗಿಯುತ್ತಿದ್ದ ಸಾಲಕ್ಕೆ 2 ಲಕ್ಷ 10 ಸಾವಿರ ಕಟ್ಟಿದೆ. 75 ಸಾವಿರ ನೀರಲ್ಲಿ ಹೋಯಿತು. ಆದರೆ ಅಲ್ಲಿ ಸಿಕ್ಕ ಕಾಗದದ ತೂಕವೇ ಬೇರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಲೋಕ ಅದಾಲತ್‌ನ ಆದೇಶ ಸಿವಿಲ್ ನ್ಯಾಯಾಲಯದ ಡಿಕ್ರಿಗೆ, ಅಂದರೆ ತೀರ್ಪಿನ ಆಜ್ಞೆಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ನ್ಯಾಯಾಲಯದ ಮೊಹರು ಕಂಡ ಏಜೆಂಟರು ಎರಡನೆಯ ಪ್ರಶ್ನೆ ಕೇಳಲಿಲ್ಲ. ನನ್ನನ್ನು ಕೇಳಿದರೆ ಶಾಖೆಯ ಓಟಿಎಸ್‌ಗಿಂತ ಇದೇ ಮೇಲು. ದಾವೆ ಹೂಡುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕಂತು ತಪ್ಪಿದರೆ ಅದೇ ಡಿಕ್ರಿ ನಮ್ಮ ಮೇಲೂ ಜಾರಿಯಾಗುತ್ತದೆ, ಅದೂ ನೆನಪಿರಲಿ.

ಕೊನೆಯ ಕಂತು ಕಟ್ಟಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಕೇಳಿ. ಮನೆಪತ್ರ ಒತ್ತೆ ಇದ್ದರೆ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕ್ ಹಿಂತಿರುಗಿಸಬೇಕು. ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು, ಈ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ನಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' (ಪೂರ್ತಿ ಕಟ್ಟದೆ ತೀರುವಳಿ ಆದದ್ದು) ಎಂದು ಉಳಿಯುತ್ತದೆ, ಹೊಸ ಸಾಲ ಸುಲಭಕ್ಕೆ ಹುಟ್ಟುವುದಿಲ್ಲ. ನಮ್ಮಂಥವರಿಗೆ ಕೆಲವು ವರ್ಷ ಸಾಲ ಹುಟ್ಟದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ದೊಡ್ಡಪ್ಪನ ಮಗನಿಗೂ ಫೋನ್ ಹೋಗುತ್ತಿದೆ ಎಂದಿದ್ದೀರಿ. ಅವರು ಜಾಮೀನು ನಿಂತಿದ್ದರೆ ಅವರನ್ನು ಬರೀ ಸಂಬಂಧಿಕರೆಂದು ಬ್ಯಾಂಕ್ ಎಣಿಸುವುದಿಲ್ಲ, ಬಾಕಿ ಕೇಳುವ ಹಕ್ಕು ಅದಕ್ಕಿದೆ. ಓಟಿಎಸ್ ಪತ್ರದಲ್ಲಿ ಜಾಮೀನುದಾರರೂ ಬಿಡುಗಡೆ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಕಂತಿಗಿಂತ ಮೊದಲೇ ಶಾಖೆಗೆ ಹೋಗಿ ಅದನ್ನು ಬರೆಸಿಕೊಂಡು ಬನ್ನಿ.