ಖಾಲಿ ಡ್ರಮ್ಮಿಗೂ ಲೇಬಲ್ ಯಾಕೆ?

ಪತ್ರ: "ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತೇನೆ. ಅಪಾಯಕಾರಿ ತ್ಯಾಜ್ಯದ ಕಾನೂನು ಅಂದರೆ ನಮ್ಮ ಪಾಲಿಗೆ ಬರೀ ಕಾಗದದ ಕಾಟ. ಡ್ರಮ್ಮಿಗೊಂದು ಲೇಬಲ್, ಅದಕ್ಕೊಂದು ಫಾರಂ, ಫಾರಂಗೆ ಮೂರು ಸಹಿ. ಖಾಲಿ ಡ್ರಮ್ಮಿಗೂ ಇದೇ ಗೋಳು. ವಿಷ ಇರುವುದು ರಾಸಾಯನಿಕದಲ್ಲಿ, ಕಾಗದದಲ್ಲಿ ಅಲ್ಲ ಅಲ್ವಾ?"

ಉತ್ತರ: ಕಾಗದವನ್ನೇ ನಂಬಿ ಹೊಟ್ಟೆ ಹೊರೆಯುವವನು ನಾನು. ಕಾಗದದ ಪರ ವಾದಿಸಿದರೆ ನೀವು ನಗಬಹುದು. ಆದರೂ 41 ಡ್ರಮ್ಮುಗಳ ಕತೆ ಹೇಳಿಬಿಡುತ್ತೇನೆ.

1976ರ ಜುಲೈ 10ರಂದು ಇಟಲಿಯ ಸೆವೆಸೊ ಪಕ್ಕದ ಕಾರ್ಖಾನೆಯೊಂದರಿಂದ ಡಯಾಕ್ಸಿನ್ ಅನ್ನುವ ಕಡು ವಿಷ ಬೆರೆತ ಮೋಡ ಹೊರಬಿತ್ತು. ಇದು ತುಂಬಾ ಜನಕ್ಕೆ ಗೊತ್ತು. ಆಮೇಲೆ ಆದದ್ದು ಅಷ್ಟಾಗಿ ಗೊತ್ತಿಲ್ಲ. ರಿಯಾಕ್ಟರ್‌ನಲ್ಲಿ, ಅಂದರೆ ರಾಸಾಯನಿಕ ತಯಾರಿಸುವ ದೊಡ್ಡ ಪಾತ್ರೆಯಲ್ಲಿ, ಉಳಿದಿದ್ದ ವಿಷವನ್ನು 41 ಡ್ರಮ್ಮುಗಳಿಗೆ ತುಂಬಿ, 1982ರಲ್ಲಿ ಸಾಗಿಸಿದರು. ಸರಕು ಗಡಿ ದಾಟಿ ಫ್ರಾನ್ಸ್ ಸೇರಿತು. ಅಲ್ಲಿಂದ ಮುಂದೆ ಪತ್ತೆಯೇ ಇಲ್ಲ! ಡ್ರಮ್ಮು ಎಲ್ಲಿವೆ ಅಂತ ಹೇಳುವ ಒಂದು ದಾಖಲೆ ಯಾವ ಸರ್ಕಾರದ ಕೈಯಲ್ಲೂ ಇರಲಿಲ್ಲ. ತಿಂಗಳುಗಟ್ಟಲೆ ಹುಡುಕಾಡಿದ ಮೇಲೆ, 1983ರ ಮೇ ತಿಂಗಳಲ್ಲಿ, ಉತ್ತರ ಫ್ರಾನ್ಸಿನ ಹಳ್ಳಿಯೊಂದರ ಹಳೇ ಕಸಾಯಿಖಾನೆಯಲ್ಲಿ ಸಿಕ್ಕವು. ಮರುವರ್ಷವೇ ಯುರೋಪಿನ ದೇಶಗಳು ನಿಯಮ ಮಾಡಿಕೊಂಡವು: ಇಂಥ ಸರಕು ಗಡಿ ದಾಟಬೇಕಾದರೆ ಮೊದಲು ತಿಳಿಸಬೇಕು, ಜೊತೆಗೆ ದಾಖಲೆ ಇರಬೇಕು.

ದಾಖಲೆಯಲ್ಲೇ ಸುಳ್ಳು ಬರೆದರೆ? ಅದೂ ಆಗಿದೆ. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸ ಸುಟ್ಟ ಬೂದಿ ಹೊತ್ತು 'ಕಿಯಾನ್ ಸೀ' ಅನ್ನುವ ಹಡಗು ಹೊರಟಿತು. ಎಲ್ಲೂ ಇಳಿಸಿಕೊಳ್ಳುವವರಿಲ್ಲ. ಕೊನೆಗೆ ಹೈಟಿಯಲ್ಲಿ 'ಗೊಬ್ಬರ' ಅಂತ ಹೇಳಿ ಸುಮಾರು 4,000 ಟನ್ ಬೂದಿಯನ್ನು ಕಡಲ ದಂಡೆಗೆ ಸುರಿದರು. ಉಳಿದದ್ದು, ಹಡಗಿನ ಹೆಸರು ಎರಡು ಸಲ ಬದಲಾಗುವಷ್ಟರಲ್ಲಿ, ಸಮುದ್ರದ ಪಾಲು. ಇಂಥವುಗಳ ಬೆನ್ನಿಗೇ 1989ರಲ್ಲಿ, ಅಪಾಯಕಾರಿ ತ್ಯಾಜ್ಯ ಗಡಿ ದಾಟುವುದರ ಬಗ್ಗೆ ದೇಶಗಳು ಮಾಡಿಕೊಂಡ ಬಾಸೆಲ್ ಒಪ್ಪಂದ ಬಂತು. ತರಿಸಿಕೊಳ್ಳುವ ದೇಶ ಮೊದಲೇ ಬರಹದಲ್ಲಿ ಒಪ್ಪದಿದ್ದರೆ ಸರಕು ಹೊರಡುವಂತಿಲ್ಲ ಅನ್ನುವುದು ಅದರ ಜೀವಾಳ.

ಈಗ ನಿಮ್ಮ ಖಾಲಿ ಡ್ರಮ್ಮಿಗೆ ಬರೋಣ. ಖಾಲಿ ಅಂದರೆ ಎಷ್ಟು ಖಾಲಿ? ತಿನ್ನರ್ ಇದ್ದ ಡ್ರಮ್ಮನ್ನು ಬೋರಲು ಹಾಕಿದರೂ ಅಂಚಿನಲ್ಲಿ ಎರಡು ಚಮಚ ಉಳಿಯುತ್ತದೆ. ಅದು ಆವಿಯಾಗಿ ಒಳಗಿನ ಗಾಳಿಯ ಜೊತೆ ಬೆರೆಯುತ್ತದೆ. ತುಂಬಿದ ಡ್ರಮ್ಮಿನಲ್ಲಿ ಗಾಳಿಗೆ ಜಾಗವೇ ಕಡಿಮೆ. ಖಾಲಿಯಲ್ಲಿ ಗಾಳಿಯೂ ಇದೆ, ಆವಿಯೂ ಇದೆ. ನೀರು ತುಂಬಿಡೋಣ ಅಂತ ಯಾರೋ ಗ್ಯಾಸ್ ಕಟರ್ ಹಿಡಿದು ಮುಚ್ಚಳ ಕತ್ತರಿಸಲು ಕೂತರೆ ಒಂದು ಕಿಡಿ ಸಾಕು, ಡ್ರಮ್ಮು ಸಿಡಿಯುತ್ತದೆ. ಅದಕ್ಕೇ ಸರಿಯಾಗಿ ಶುಚಿ ಮಾಡುವ ತನಕ ಅದಕ್ಕೂ ಲೇಬಲ್.

ಲೇಬಲ್ ಕಿತ್ತುಹೋದ ಡ್ರಮ್ಮು ಇನ್ನೂ ಅಪಾಯ. 'ಯಾವುದೋ ಹಳೇ ಆಸಿಡ್' ಅಂದುಕೊಂಡು ಬ್ಲೀಚ್ ಇದ್ದ ಡ್ರಮ್ಮಿಗೆ ಸುರಿದರೆ ಕ್ಲೋರಿನ್ ಏಳುತ್ತದೆ. ಸಯನೈಡ್ ತ್ಯಾಜ್ಯಕ್ಕೆ ಬಿದ್ದರಂತೂ ಕತೆ ಮುಗಿಯಿತು. ನೋಡಲು ಎರಡೂ ಬರೀ ಕೊಳಕು ನೀರು.

ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಪ್ರತಿ ರಾಸಾಯನಿಕದ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರದಲ್ಲಿ 16 ಭಾಗಗಳಿವೆ. ವಿಶ್ವಸಂಸ್ಥೆಯ ಪದ್ಧತಿಯಲ್ಲಿ ಅವುಗಳ ಕ್ರಮವೂ ನಿಗದಿ: ನಾಲ್ಕನೆಯದು ಪ್ರಥಮ ಚಿಕಿತ್ಸೆ, ಹದಿಮೂರನೆಯದು ವಿಲೇವಾರಿ. ಕಣ್ಣಿಗೆ ಹನಿ ಸಿಡಿದಾಗ ತಡಕಾಡದೆ ನಾಲ್ಕಕ್ಕೇ ಹೋಗಲಿ ಅಂತ ಈ ಏರ್ಪಾಡು. ಆದರೆ ಆ ಪತ್ರ ಕಚೇರಿಯ ಬೀರುವಿನಲ್ಲಿ, ಬೀರುವಿನ ಕೀಲಿ ಮ್ಯಾನೇಜರ್ ಜೇಬಿನಲ್ಲಿ, ಮ್ಯಾನೇಜರ್ ರಜೆಯಲ್ಲಿ! ಇಂಥದ್ದನ್ನು ಕಾಟ ಅನ್ನಿ, ನಾನೂ ದನಿ ಸೇರಿಸುತ್ತೇನೆ.

ಮೂರು ಸಹಿ ಅಂದಿರಿ. ಕಳಿಸಿದವರದ್ದು, ಸಾಗಿಸಿದವರದ್ದು, ತೆಗೆದುಕೊಂಡವರದ್ದು. ಮೊದಲ ಎರಡು ನಿಮ್ಮ ಗೇಟಿನಲ್ಲೇ ಮುಗಿಯುತ್ತವೆ. ಆ 41 ಡ್ರಮ್ಮುಗಳಿಗೆ ಇಲ್ಲದೇ ಹೋದದ್ದು ಮೂರನೆಯದು. ನಾಳೆ ಫೈಲು ತೆಗೆದು, ಹೋದ ವರ್ಷ ಕಳಿಸಿದ ಲೋಡುಗಳಲ್ಲಿ ಎಷ್ಟಕ್ಕೆ ಆ ಸಹಿ ಬಿದ್ದ ಪ್ರತಿ ವಾಪಸ್ ಬಂದಿದೆ ಅಂತ ಎಣಿಸಿ ನೋಡಿ. ಲೆಕ್ಕ ತಾಳೆಯಾಗದಿದ್ದರೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ